ಆಷಾಢದೊಳಗೆ ಒಂದು ಪುಸ್ತಕ

ಕಳೆದ ಆಷಾಢದಲ್ಲಿ ಮಧುಗಿರಿಗೆ ಹೋಗಿದ್ದೆ. ಬಸ್ಸಿಳಿದು ಹಳೆಯ ಬೀದಿಯಲ್ಲಿ ನಡೆಯುತ್ತಿದ್ದಾಗ ಸೈಕಲ್ ಅಂಗಡಿಯೊಂದರ ಮುಂದೆ ಮುದುಕನೊಬ್ಬ ತಟ್ಟೆಯಲ್ಲಿ ಸೀಮೆಎಣ್ಣೆ ಸುರಿದುಕೊಂಡು ಚೈನು ತೊಳೆಯುತ್ತಿದ್ದ. ಈಗಿನ ಕಾಲದಲ್ಲಿ ಅವನಿಗೆ ಸೀಮೆಎಣ್ಣೆ ಎಲ್ಲಿ ಸಿಗುತ್ತದೋ ಗೊತ್ತಿಲ್ಲ. ಬೆಟ್ಟದ ಕಡೆಯಿಂದ ಗಾಳಿ ಎದ್ದು ಆ ವಾಸನೆಯನ್ನು ತಂದು ನನ್ನ ಮುಖಕ್ಕೆ ಸೋಕಿಸಿತು. ನಿಂತುಬಿಟ್ಟೆ. ಜೊತೆಯಲ್ಲಿದ್ದ ಮಗಳು, "ಯಾಕಮ್ಮ, ತಲೆ ಸುತ್ತುತ್ತಾ?" ಎಂದು ತೋಳು ಹಿಡಿದಳು. ತಲೆ ಸುತ್ತಿರಲಿಲ್ಲ. ಅಚ್ಚುಮೊಳೆಗಳನ್ನು ತೊಳೆಯುವಾಗ ಬರುತ್ತಿದ್ದ ವಾಸನೆ ಅದು. ಬಹಳ ಹಿಂದೆ ಒಂದು ಇಡೀ ತಿಂಗಳು ಅದು ನನ್ನ ಸೆರಗಿನಲ್ಲಿ, ಜಡೆಯಲ್ಲಿ, ಅನ್ನ ಕಲೆಸುವ ಕೈಯಲ್ಲಿ ಇತ್ತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ವರ್ಷ. ನಾನು ಮಧುಗಿರಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಕಿವಿಗೆ ಹೆಡ್‌ಫೋನು, ಎದುರಿಗೆ ತೂತುಗಳ ಬೋರ್ಡು, ಕೈಯಲ್ಲಿ ವೈರು. ಶಿರಾ, ಕೊರಟಗೆರೆ, ಪಾವಗಡ ಎಲ್ಲ ನನಗೆ ಊರುಗಳಾಗಿರಲಿಲ್ಲ, ದನಿಗಳಾಗಿದ್ದವು. ಪಾವಗಡದ ದನಿ ಯಾವಾಗಲೂ ಬಾವಿಯ ಒಳಗಿಂದ ಬಂದ ಹಾಗೆ ಬರುತ್ತಿತ್ತು. ಶಿರಾದ ದನಿ ಪಕ್ಕದ ಮನೆಯ ಕಿಟಕಿಯಿಂದ ಬಂದಂತಿರುತ್ತಿತ್ತು. ಅದು ಅಲ್ಲಿನ ಆಪರೇಟರ್ ಜುಬೇದಾ ಅವರ ದನಿ. ನನಗಿಂತ ಹತ್ತು ವರ್ಷ ದೊಡ್ಡವರು. ಮುಖ ನೋಡದೆಯೇ ನಾನು ಅವರನ್ನು ಆಪಾ ಎನ್ನುತ್ತಿದ್ದೆ.

ಮದುವೆಗೆ ಮುಂಚೆ ನಾನೊಂದು ಕಾದಂಬರಿಯ ಅರ್ಧ ಬರೆದಿದ್ದೆ. ಬೆಂಗಳೂರಿನ ಇಬ್ಬರು ಪ್ರಕಾಶಕರಿಗೆ ಕಳಿಸಿದಾಗ, ಹೊಸಬರದ್ದು ಸದ್ಯಕ್ಕೆ ಆಗುವುದಿಲ್ಲ ಎಂದು ಇಬ್ಬರೂ ವಾಪಸು ಮಾಡಿದ್ದರು. ವೈಶಾಖದಲ್ಲಿ ಮದುವೆಯಾಗಿ ಕೊರಟಗೆರೆಗೆ ಹೋದೆ. ಗಂಡ ಅಲ್ಲಿ ಹೈಸ್ಕೂಲು ಮೇಷ್ಟರು. ಬೆಳಗಾಗುವ ಮೊದಲು ಎದ್ದು ನೀರು ಹೊತ್ತು, ಅಡುಗೆ ಮುಗಿಸಿ, ಮೊದಲ ಬಸ್ಸಿಗೆ ಮಧುಗಿರಿಗೆ ಬಂದು ಕೆಲಸ ಮಾಡಿ, ಮತ್ತೆ ಬಸ್ಸಿನಲ್ಲಿ ಹಿಂತಿರುಗಿ ಮನೆ ಸೇರಿದರೆ ಇನ್ನೊಂದು ಮನೆಗೆಲಸ ಕಾದಿರುತ್ತಿತ್ತು. ಒಂದು ಸಾಲೂ ಬರೆಯಲಾಗಲಿಲ್ಲ. ಅತ್ತೆ ಕೆಂಪಮ್ಮ ಕೆಟ್ಟವರೇನಲ್ಲ. ಮಾತು ಕಡಿಮೆ. ಜಗುಲಿಯಲ್ಲಿ ಕೂತು ಮುತ್ತುಗದ ಎಲೆಗಳನ್ನು ಕಡ್ಡಿಯಿಂದ ಚುಚ್ಚಿ ಊಟದೆಲೆ ಹಚ್ಚುತ್ತಿದ್ದರು, ಸಂತೆಯಲ್ಲಿ ಮಾರುತ್ತಿದ್ದರು. ಆ ಮೌನದ ಮುಂದೆ ಪೆನ್ನು ಹಿಡಿದು ಕೂರಲು ನನಗೆ ಧೈರ್ಯ ಬರಲಿಲ್ಲ.

ಜ್ಯೇಷ್ಠದ ಕೊನೆಗೆ ಒಂದು ಮಧ್ಯಾಹ್ನ ಗಂಗಾಧರಯ್ಯನವರು ತುಮಕೂರಿಗೆ ಕಾಲ್ ಬುಕ್ ಮಾಡಲು ಎಕ್ಸ್‌ಚೇಂಜಿಗೆ ಬಂದರು. ನಮ್ಮ ಮದುವೆಯ ಲಗ್ನಪತ್ರಿಕೆ ಅಚ್ಚು ಹಾಕಿದವರು ಅವರೇ, ನಾನು ಬರೆಯುವುದೂ ಅವರಿಗೆ ಗೊತ್ತಿತ್ತು. ಸಣ್ಣ ಪ್ರೆಸ್ಸು, ಕಾಲಲ್ಲಿ ತುಳಿಯುವ ಮೆಷಿನ್ನು. ಅವರೂ ಅವರ ತಮ್ಮನೂ ಸೇರಿ ಮೊಳೆ ಜೋಡಿಸುತ್ತಿದ್ದರು. ಕಾಲ್ ಸಿಗುವವರೆಗೂ ಬೆಂಚಿನ ಮೇಲೆ ಕೂತಿದ್ದವರು ಸುಮ್ಮನೆ ಕೇಳಿದರು.

"ನಿನ್ನ ಕಾದಂಬರಿ ಏನಾಯ್ತಮ್ಮ?"

"ಯಾರೂ ಹಾಕಲ್ಲ ಅಂದ್ರು."

"ನೀನೇ ಹಾಕು. ಆಷಾಢದಲ್ಲಿ ಯಾರ ಮನೆಯಲ್ಲೂ ಮದುವೆ ಇಲ್ಲ, ನನ್ನ ಮೊಳೆ ಎಲ್ಲ ಸುಮ್ನೆ ಬಿದ್ದಿರ್ತವೆ. ಕಾಗದ ನೀನು ತರಿಸು, ಕೂಲಿ ಪುಸ್ತಕ ಹೋದ ಮೇಲೆ ನೋಡ್ಕೊಳ್ಳೋಣ. ಆದ್ರೆ ಒಂದು ಮಾತು. ಶ್ರಾವಣ ಹುಟ್ಟಿದ್ರೆ ಲಗ್ನಪತ್ರಿಕೆ ಬರ್ತವೆ. ಅಷ್ಟರೊಳಗೆ ಕೊನೇ ಪುಟ ಮೆಷಿನ್ನಿಂದ ಇಳಿದಿರಬೇಕು."

ಆ ಮಧ್ಯಾಹ್ನವೆಲ್ಲ ಅದೇ ಯೋಚನೆ. ಆಷಾಢದಲ್ಲಿ ಮೊಳೆಗಳಿಗೆ ಬಿಡುವು. ನನಗೂ ಬಿಡುವು. ಹೊಸ ಸೊಸೆ ಆ ತಿಂಗಳು ಅತ್ತೆ ದಾಟುವ ಹೊಸಿಲನ್ನು ದಾಟಬಾರದು, ತವರಿನಲ್ಲಿ ಇರಬೇಕು. ನನ್ನ ತವರು ಮಧುಗಿರಿಯೇ. ಒಂದು ತಿಂಗಳು ಬಸ್ಸಿಲ್ಲ, ನೀರು ಹೊರುವುದಿಲ್ಲ. ಯಾರೋ ನನಗಾಗಿಯೇ ಪಂಚಾಂಗ ಬರೆದ ಹಾಗಿತ್ತು.

ಲೆಕ್ಕ ಹಾಕಿದೆ. ಮೂವತ್ತು ಅಧ್ಯಾಯದ ಕಾದಂಬರಿ, ಅರ್ಧ ಬರೆದಾಗಿದೆ. ಆ ಅರ್ಧವನ್ನು ಅವರು ಮೊಳೆ ಜೋಡಿಸುವಷ್ಟರಲ್ಲಿ ಉಳಿದರ್ಧವನ್ನು ನಾನು ಬರೆಯುವುದು. ಬೆಳಗಿನ ಪಾಳಿ ಕೇಳಿಕೊಂಡು ಎಕ್ಸ್‌ಚೇಂಜು, ಮಧ್ಯಾಹ್ನ ಪ್ರೆಸ್ಸಿನಲ್ಲಿ ಪ್ರೂಫು, ಸಂಜೆ ಜಗುಲಿಯ ಮೇಲೆ ಕತ್ತಲಾಗುವವರೆಗೆ ಬರವಣಿಗೆ. ಕೇಳಲು ಬಹಳ ಸುಲಭವಾಗಿತ್ತು.

ಮೊದಲ ದಿನಗಳು ನಿದ್ದೆಯಲ್ಲಿ ನಡೆದಂತೆ ಕಳೆದವು. ಆಷಾಢದ ಗಾಳಿ ಹಗಲಿಡೀ ಬೀಸುತ್ತಿತ್ತು. ಮೋಡಗಳು ಬೆಟ್ಟದ ಬಂಡೆಗೆ ಮೈ ಉಜ್ಜಿಕೊಂಡು ಓಡುತ್ತಿದ್ದವು, ಮಳೆ ಮಾತ್ರ ಸುರಿಯುತ್ತಿರಲಿಲ್ಲ. ಒಂದಿಷ್ಟು ತುಂತುರು ಬಿದ್ದು, ಬಿದ್ದದ್ದು ಗೊತ್ತಾಗುವಷ್ಟರಲ್ಲಿ ಆರಿಹೋಗುತ್ತಿತ್ತು. ಬೀದಿಯ ತುಂಬ ತೇವದ ಧೂಳಿನ ವಾಸನೆ. ಪ್ರೆಸ್ಸಿನ ಒಳಗೆ ಮೆಷಿನ್ನು ತೂಗುವ ತೊಟ್ಟಿಲಿನ ಹಾಗೆ ಸದ್ದು ಮಾಡುತ್ತಿತ್ತು. ನನ್ನ ನಾಯಕಿ ವನಜ ಸೀಸದ ಅಕ್ಷರಗಳಾಗಿ, ತಲೆಕೆಳಗಾಗಿ, ಕನ್ನಡಿಯಲ್ಲಿ ಕಂಡ ಹಾಗೆ ಮಲಗಿರುತ್ತಿದ್ದಳು. ಆಮೇಲೆ ಕಾಗದದ ಮೇಲೆ ನೆಟ್ಟಗೆ ಎದ್ದು ನಿಲ್ಲುತ್ತಿದ್ದಳು.

ಗಂಗಾಧರಯ್ಯನವರ ಹತ್ತಿರ ಎಂಟು ಪುಟಕ್ಕೆ ಆಗುವಷ್ಟೇ ಮೊಳೆ ಇತ್ತು. ಎಂಟು ಪುಟ ಅಚ್ಚಾದ ಮೇಲೆ ಮೊಳೆಗಳನ್ನು ತೊಳೆದು, ಬಿಡಿಸಿ, ಪೆಟ್ಟಿಗೆಯಲ್ಲಿ ಆಯಾ ಅಕ್ಷರದ ಮನೆಗೆ ಹಾಕಿ ಮುಂದಿನ ಎಂಟಕ್ಕೆ ಕೈ ಹಚ್ಚಬೇಕು. ಹಾಗಾಗಿ ಒಮ್ಮೆ ಇಳಿದ ಪುಟವನ್ನು ತಿದ್ದುವಂತಿಲ್ಲ. ಅದು ನನಗೆ ಮೊದಲು ಹೊಳೆಯಲಿಲ್ಲ.

ದಿನವೂ ಕರೆಗಳು ಕಡಿಮೆಯಾಗುವ ಹೊತ್ತಿನಲ್ಲಿ ಲೈನು ಸರಿಯಿದೆಯೇ ಎಂದು ಊರೂರಿಗೆ ಮಾತಾಡಿ ನೋಡುವ ಕೆಲಸವಿತ್ತು. ಉಳಿದವರು ಒಂದು, ಎರಡು, ಮೂರು ಎನ್ನುತ್ತಿದ್ದರು. ನಾನು ಶಿರಾಕ್ಕೆ ನನ್ನ ಕಾದಂಬರಿಯ ಒಂದೆರಡು ಸಾಲು ಓದುತ್ತಿದ್ದೆ.

"ವನಜ ಚೀಲ ಎತ್ತಿಕೊಂಡು ಹೊರಟಳು. ಅತ್ತೆ ಭದ್ರಮ್ಮ ಬಾಗಿಲಲ್ಲಿ ನಿಂತು ನೋಡಿದಳು, ಕರೆಯಲಿಲ್ಲ. ಕೇಳಿಸ್ತಾ ಆಪಾ?"

"ಕೇಳಿಸ್ತು. ಎಲ್ಲಿಗೆ ಹೋದಳು?"

"ನಾಳೆ."

"ನೀನು ಸೈತಾನ್ ಇದ್ದೀಯ ನೋಡು" ಎಂದು ಅವರು ನಗುತ್ತಿದ್ದರು. ನಗುವಿನ ಹಿಂದೆ ಶಿರಾದ ಗಾಳಿಯೂ ಕೇಳುತ್ತಿತ್ತು, ಅದೇ ಗಾಳಿ, ತಂತಿಯುದ್ದಕ್ಕೂ.

ನನ್ನ ಕಥೆ ಹೀಗಿತ್ತು. ವನಜ ಕೆಟ್ಟ ಅತ್ತೆಯ ಮನೆ ಬಿಟ್ಟು ಹೊರಡುತ್ತಾಳೆ, ಬೆಂಗಳೂರಿಗೆ ಹೋಗಿ ಓದುತ್ತಾಳೆ, ದೊಡ್ಡ ಕೆಲಸ ಹಿಡಿಯುತ್ತಾಳೆ, ಕೊನೆಗೆ ಅತ್ತೆ ಬಂದು ಅವಳ ಕಾಲು ಹಿಡಿಯುತ್ತಾಳೆ. ಭದ್ರಮ್ಮ ಉಗ್ರಾಣದ ಬೀಗದಕೈಯನ್ನು ಸೊಂಟದಿಂದ ಬಿಚ್ಚದೆ ಮಲಗುವಂಥವಳು, ಎಣ್ಣೆಯನ್ನು ತೊಟ್ಟುತೊಟ್ಟಾಗಿ ಅಳೆದು ಕೊಡುವಂಥವಳು. ನನ್ನ ಮದುವೆಗೆ ಮುಂಚೆಯೇ ಬರೆದದ್ದು. ಯಾರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದಲ್ಲ.

ಎರಡನೆಯ ವಾರಕ್ಕೆ ಲೆಕ್ಕ ತಪ್ಪಿತು. ಮೊಳೆ ಜೋಡಿಸುವವರು ನನಗಿಂತ ವೇಗವಾಗಿ ಬರುತ್ತಿದ್ದರು. ಬರೆದಿಟ್ಟ ಅರ್ಧ ಕರಗುತ್ತಿತ್ತು, ಬರೆಯಬೇಕಾದ ಅರ್ಧ ಹಾಗೇ ನಿಂತಿತ್ತು. ಬೆಂಗಳೂರನ್ನು ನಾನು ಎರಡೇ ಸಲ ನೋಡಿದ್ದೆ. ವನಜ ಅಲ್ಲಿನ ಬಸ್ ನಿಲ್ದಾಣದಲ್ಲಿ ಇಳಿದವಳು ಮುಂದೆ ಹೆಜ್ಜೆ ಇಡಲೇ ಇಲ್ಲ. ಸಂಜೆಗಳು ಸಾಲದೆ ಬೆಳಗಿನ ಜಾವಕ್ಕೆ ಎದ್ದೆ. ಪ್ರೂಫು ತಿದ್ದುತ್ತ ತಿಂಡಿ ತಿಂದೆ. ಅಚ್ಚಾದ ಹಾಳೆಗಳನ್ನು ಮಡಿಸಿ ಹೊಲಿಯುವ ಕೆಲಸವನ್ನೂ ನಾನೇ ಮಾಡುತ್ತೇನೆಂದು ಒಪ್ಪಿಕೊಂಡಿದ್ದೆ. ಅವು ಪ್ರೆಸ್ಸಿನ ಮೂಲೆಯಲ್ಲಿ ಮೊಣಕಾಲೆತ್ತರ ಬೆಳೆದಿದ್ದವು. ಅಮ್ಮ, "ಒಂದು ತಿಂಗಳು ಮಲಗಿ ಎದ್ದು ಹೋಗ್ತೀಯ ಅನ್ಕೊಂಡಿದ್ದೆ" ಎಂದು ಗೊಣಗುತ್ತಿದ್ದಳು.

ಒಂದು ಬೆಳಿಗ್ಗೆ ಪಾವಗಡದ ಕಡಲೇಕಾಯಿ ವ್ಯಾಪಾರಿಯೊಬ್ಬರು ಶಿರಾದ ಮಂಡಿಗೆ ಕಾಲ್ ಕೇಳಿದ್ದರು. ನಾನು ವೈರು ಚುಚ್ಚಿದ್ದು ಕೊರಟಗೆರೆಯ ಆಸ್ಪತ್ರೆಗೆ. ಬೋರ್ಡಿನ ಮುಂದೆ ಕಣ್ಣು ಬಿಟ್ಟುಕೊಂಡೇ ನಾನು ಬೆಂಗಳೂರಿನ ಬಸ್ ನಿಲ್ದಾಣದಲ್ಲಿದ್ದೆ.

"ಏಮಯ್ಯಾ, ದಿಗಿಂದಾ?" ಎಂದು ವ್ಯಾಪಾರಿ ತೆಲುಗಿನಲ್ಲಿ ಕೇಳಿದರು. ಲಾರಿಯಿಂದ ಕಾಯಿ ಇಳಿಯಿತೇ ಎಂದು ಅವರ ಪ್ರಶ್ನೆ.

ಆ ಕಡೆಯಿಂದ ನರ್ಸಮ್ಮ, "ಆಯ್ತು, ಹೆಣ್ಣು ಮಗು. ಇಬ್ಬರೂ ಚೆನ್ನಾಗಿದ್ದಾರೆ" ಎಂದರು.

ವ್ಯಾಪಾರಿ ಹಲೋ ಹಲೋ ಎಂದರು. ಅಷ್ಟರಲ್ಲಿ ಬೋರ್ಡಿನ ಮೇಲೆ ಶಿರಾದ ದೀಪ ಮಿಣುಕಿತು.

"ಸರೋಜಾ, ಪಾವಗಡ ಕೊಡ್ತೀನಿ ಅಂದಿದ್ದೆ, ಎಲ್ಲಿ ಹೋಯ್ತು?"

ತಪ್ಪು ಗೊತ್ತಾಗಿ ಸರಿಪಡಿಸಿದೆ. ಆಮೇಲೆ ಆಪಾ ದನಿ ಇಳಿಸಿ ಹೇಳಿದರು. "ನಿನ್ನ ದನಿ ಎರಡು ದಿನದಿಂದ ಬಿಸಿ ಇದೆ. ತಂತೀಲೇ ಗೊತ್ತಾಗ್ತದೆ. ಮನೆಗೆ ಹೋಗಿ ಮಲಗು. ಕಿತಾಬು ಎಲ್ಲೂ ಓಡಿ ಹೋಗಲ್ಲ."

ಅವರು ಹೇಳಿದ್ದು ನಿಜವಾಗಿತ್ತು. ಆ ಸಂಜೆ ಜ್ವರ ಏರಿತು. ಮೂರು ದಿನ ಮಲಗಿದೆ. ಗೋಡೆಯಾಚೆ ಗಾಳಿ, ಗಾಳಿಯೊಳಗೆ ಮೆಷಿನ್ನಿನ ಸದ್ದು, ಅದರೊಳಗೆ ಊರೂರಿನ ದನಿಗಳು ಹಲೋ ಹಲೋ ಎನ್ನುತ್ತಿದ್ದವು. ಯಾವುದಕ್ಕೂ ನನಗೆ ಉತ್ತರ ಕೊಡಲಾಗುತ್ತಿರಲಿಲ್ಲ. ಶ್ರಾವಣ ಬಂದುಬಿಡುತ್ತದೆ, ಮೊಳೆಗಳು ಯಾರದೋ ಮದುವೆಗೆ ಹೊರಟುಹೋಗುತ್ತವೆ, ನಾನು ಕೊರಟಗೆರೆಯ ಬಸ್ಸು ಹತ್ತುತ್ತೇನೆ, ವನಜ ನಿಲ್ದಾಣದಲ್ಲಿ ಚೀಲ ಹಿಡಿದು ನಿಂತೇ ಇರುತ್ತಾಳೆ. ಈಗ ಆಗದಿದ್ದರೆ ಇನ್ನೆಂದೂ ಇಲ್ಲ ಎಂದು ನನಗೆ ಖಚಿತವಾಗಿತ್ತು. ನಾಲ್ಕನೆಯ ದಿನ ಜ್ವರ ಬಿಟ್ಟಿತು. ಅಮ್ಮನ ಕಣ್ಣು ತಪ್ಪಿಸಿ ಪ್ರೆಸ್ಸಿಗೆ ಹೋದೆ.

ಹಾಳೆ ಮಡಿಸುತ್ತ ಪ್ರೆಸ್ಸಿನ ಜಗುಲಿಯಲ್ಲಿ ಕೂತಿದ್ದಾಗ ಬೀದಿಯಲ್ಲಿ ಅತ್ತೆ ಬರುವುದು ಕಾಣಿಸಿತು. ನನ್ನ ಗಂಡ ಎಕ್ಸ್‌ಚೇಂಜಿಗೆ ಫೋನು ಮಾಡಿದಾಗ ನಾನು ಜ್ವರದಿಂದ ರಜೆಯಲ್ಲಿರುವುದು ಅವರಿಗೆ ತಿಳಿದು, ಮನೆಯಲ್ಲಿ ಹೇಳಿದ್ದರಂತೆ. ಅತ್ತೆ ಮೊದಲ ಬಸ್ಸಿಗೆ ಬಂದಿದ್ದರು. ನಮ್ಮ ಮನೆಯ ಬಾಗಿಲಲ್ಲೇ ನಿಂತು, ಒಳಗೆ ಹೋಗದೆ ಅಮ್ಮನನ್ನು ವಿಚಾರಿಸಿ, ಇಲ್ಲಿಗೆ ಹುಡುಕಿಕೊಂಡು ಬಂದಿದ್ದರು. ನಾನು ಎದ್ದು ನಿಂತೆ. ತೊಡೆಯ ಮೇಲಿದ್ದ ಹಾಳೆಗಳು ಗಾಳಿಗೆ ಚೆದುರಿದವು. ಅವರು ಬಾಗಿ ಒಂದೊಂದಾಗಿ ಆರಿಸಿ ತಂದರು.

"ಜ್ವರ ಅಂದ್ರು, ಇಲ್ಲಿ ಕುಂತಿದ್ದೀಯ."

"ಬಿಟ್ಟಿದೆ ಅತ್ತೆ."

"ಇದೇನಿದು?"

"ಪುಸ್ತಕ. ನಾನು ಬರೆದದ್ದು."

ಅವರು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅವರಿಗೆ ಓದು ಬರುತ್ತಿರಲಿಲ್ಲ. ಆ ಹಾಳೆಯಲ್ಲೇ ಭದ್ರಮ್ಮ ಇದ್ದಳು.

"ಇದನ್ನ ಮಡಿಸಿ ಹೊಲೀಬೇಕಾ?"

"ಹೌದು."

"ಎಲೆ ಹಚ್ಚೋ ಕೈಗೆ ಇದೇನು ಕಷ್ಟ" ಎಂದು ಜಗುಲಿಯ ತುದಿಯಲ್ಲಿ ಕೂತೇಬಿಟ್ಟರು. "ನೀನು ಒಳೀಕೆ ಹೋಗಿ ಬಂದು ಮಾಡ್ಕಾ. ನಾನು ಹೊಸಿಲ ತಾವ್ಕೆ ಬರಕಿಲ್ಲ. ಶಾಸ್ತ್ರಾನೂ ಕೆಡಕಿಲ್ಲ, ಕೆಲ್ಸಾನೂ ನಿಲ್ಲಕಿಲ್ಲ."

ಮಧುಗಿರಿಯಲ್ಲಿ ಅವರ ದೊಡ್ಡಪ್ಪನ ಮಗಳ ಮನೆಯಿತ್ತು. ಅಲ್ಲಿ ಉಳಿದುಕೊಂಡು ದಿನವೂ ಬರತೊಡಗಿದರು. ಅವರ ಬೆರಳುಗಳಲ್ಲಿ ಹಾಳೆಗಳು ತಾವಾಗಿಯೇ ಮಡಿಸಿಕೊಳ್ಳುತ್ತಿದ್ದವು. ಒಂದು ಮಧ್ಯಾಹ್ನ, ತುಂತುರು ಬಿದ್ದು ನಿಂತ ಹೊತ್ತಿನಲ್ಲಿ, ತಲೆ ಎತ್ತದೆ ಹೇಳಿದರು.

"ಸುಮ್ಕೆ ಕುಂತು ಮಡ್ಸೋಕೆ ಬೇಜಾರು. ಅದೇನು ಬರ್ದಿದ್ದೀಯೋ ಓದು."

ಓದಿದೆ. ಮೊದಲಿನಿಂದಲೇ, ಏನನ್ನೂ ಬಿಡದೆ. ಭದ್ರಮ್ಮ ಬಂದಾಗ ನನ್ನ ದನಿ ಸಣ್ಣಗಾಯಿತು. ಅತ್ತೆ ಮಡಿಸುತ್ತಲೇ ಇದ್ದರು. ಎಣ್ಣೆ ಅಳೆಯುವುದು ಬಂತು, ಬೈಗುಳ ಬಂತು, ವನಜ ಅತ್ತದ್ದು ಬಂತು. ಬೀಗದಕೈ ಬಂದಾಗ ಅವರ ಕೈ ನಿಂತಿತು.

"ಅಲ್ಲ ಕಣಮ್ಮ, ಬೀಗದಕೈ ಸೊಂಟಕ್ಕೆ ಕಟ್ಕಂಡೇ ಮಲಗ್ತಾಳೆ ಅಂತೀಯಲ್ಲ. ಯಾಕೆ?"

"ಅವಳು ಹಾಗೇ ಅತ್ತೆ. ಕಥೆಯಲ್ಲಿ ಕೆಟ್ಟವಳು."

"ಕೆಟ್ಟೋಳೇ ಆಗ್ಲಿ. ಮಗ್ಗುಲಾದಾಗ ಒತ್ತಕಿಲ್ವಾ? ನಂಗೆ ಒತ್ತೋದು."

ಆಮೇಲೆ ಅವರು ಹೇಳಿದರು. ಒಂದೇ ದಿನವಲ್ಲ, ನಾಲ್ಕಾರು ಮಧ್ಯಾಹ್ನ, ಹಾಳೆಗಳ ನಡುವೆ. ಚನ್ನರಾಯನದುರ್ಗದ ಬೆಟ್ಟದ ಬುಡದಲ್ಲಿ ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದ್ದು, ಕೊರಟಗೆರೆಗೆ ಸೊಸೆಯಾಗಿ ಬಂದದ್ದು, ಮಗ ನಡೆಯುವ ಮೊದಲೇ ಗಂಡ ತೀರಿಕೊಂಡದ್ದು. ಮನೆ ತುಂಬ ಮೈದುನರು. ಅವರ ಅತ್ತೆ ಸಾಯುವಾಗ ರಾಗಿ ಕಣಜದ ಬೀಗದಕೈಯನ್ನು ಇವರ ಕೈಯಲ್ಲಿಟ್ಟು, ಇದನ್ನು ಬಿಟ್ಟರೆ ನಿನ್ನ ಮಗು ಉಪವಾಸ ಎಂದರಂತೆ. "ಆವತ್ತಿಂದ ಬಿಚ್ಚಲಿಲ್ಲ. ಬೆಳಗ್ಗೆ ಎದ್ರೆ ಸೊಂಟದ ಮ್ಯಾಲೆ ಅಚ್ಚು ಮೂಡಿರೋದು. ಮಗಂಗೆ ಕೆಲ್ಸ ಸಿಕ್ದಾಗ ಬಿಚ್ಚಿ ಗೂಡಿಗಿಟ್ಟೆ. ಆಮೇಲೆ ಒಂದು ವಾರ ನಿದ್ದೇನೇ ಬರಲಿಲ್ಲ, ಹಗುರಾಗಿ."

ಬೆಟ್ಟದ ಮೇಲೆ ಮೋಡಗಳು ಹೋಗುತ್ತಲೇ ಇದ್ದವು. ಒಳಗೆ ಮೆಷಿನ್ನು ತೂಗುತ್ತಿತ್ತು. ನನಗೆ ಬೆಂಗಳೂರು ಬೇಡವೆನ್ನಿಸಿತು. ಬರೆಯಬೇಕೆಂದು ಹಟ ಹಿಡಿದಿದ್ದ ಹದಿನೈದು ಅಧ್ಯಾಯಗಳೂ ಬೇಡವೆನ್ನಿಸಿದವು. ಆದರೆ ಭದ್ರಮ್ಮ ಆಗಲೇ ಅಚ್ಚಾಗಿದ್ದಳು, ಅವಳನ್ನು ತಿದ್ದುವಂತಿರಲಿಲ್ಲ. ಮುಂದಕ್ಕೆ ಬರೆಯುವುದೊಂದೇ ದಾರಿ.

ಮರುದಿನ ಲೈನು ನೋಡುವ ಹೊತ್ತಿನಲ್ಲಿ ಜುಬೇದಾ ಆಪಾಗೆ ಹೇಳಿದೆ. "ವನಜ ಬೆಂಗಳೂರಿಂದ ಅದೇ ಬಸ್ಸಲ್ಲಿ ವಾಪಸ್ ಬರ್ತಾಳೆ."

"ಸೋತು ಬರ್ತಾಳಾ?"

"ಇಲ್ಲ. ಬೀಗದಕೈ ಯಾಕೆ ಅಂತ ಕೇಳೋಕೆ ಬರ್ತಾಳೆ."

ಅವರು, "ಬರಿ. ಇದು ಸಣ್ಣದಿದೆ, ನಿನ್ನ ಕೈಲಿ ಆಗ್ತದೆ" ಎಂದರು.

ಒಂದೇ ಉದ್ದನೆಯ ಅಧ್ಯಾಯ ಬರೆದೆ. ಭದ್ರಮ್ಮ ಮಾತಾಡುತ್ತಾಳೆ, ವನಜ ಕೇಳುತ್ತಾಳೆ, ಅಷ್ಟೇ. ಅಮ್ಮನ ಮನೆಯ ಜಗುಲಿಯಲ್ಲಿ ಸಂಜೆಯ ಬೆಳಕಿನಲ್ಲಿ ಬರೆದು, ಬೆಳಕು ಹೋದರೆ ಮುಚ್ಚಿಟ್ಟು ಮಲಗಿದೆ. ಬೆಳಗಿನ ಜಾವ ಏಳಲಿಲ್ಲ. ವೈರುಗಳು ಸರಿಯಾದ ತೂತಿಗೇ ಹೋದವು. ಅಂದುಕೊಂಡದ್ದರಲ್ಲಿ ಅರ್ಧದಷ್ಟು ದಪ್ಪದ ಪುಸ್ತಕ. "ತೆಳ್ಳಗಾಯ್ತಲ್ಲಮ್ಮ" ಎಂದರು ಗಂಗಾಧರಯ್ಯ. ಆಮೇಲೆ ಕೊನೆಯ ಪುಟದ ಪ್ರೂಫನ್ನು ಎರಡು ಸಲ ಓದಿ ಮೆಷಿನ್ನಿಗೆ ಏರಿಸಿದರು. ಆಷಾಢದ ಅಮಾವಾಸ್ಯೆಯ ಹಿಂದಿನ ದಿನ ಅದು ಇಳಿಯಿತು. ಅವರ ತಮ್ಮ ಮೊಳೆಗಳನ್ನು ತೊಳೆಯಲು ಸೀಮೆಎಣ್ಣೆ ಸುರಿದ. ನಾನು ಹೊರಗೆ ಬಂದು, ಅತ್ತೆಯ ಪಕ್ಕದಲ್ಲಿ ಕೂತು, ಕಾರಣ ಗೊತ್ತಿಲ್ಲದೆ ಅತ್ತುಬಿಟ್ಟೆ. ಕೆಂಪಮ್ಮನವರು ನನ್ನ ಬೆನ್ನ ಮೇಲೆ ಕೈಯಿಟ್ಟು, ಇನ್ನೊಂದು ಕೈಯಲ್ಲಿ ಹೊಲಿಗೆಯ ದಾರ ಹಲ್ಲಿಗೆ ಕೊಟ್ಟು ಕಡಿದರು.

ಶ್ರಾವಣಕ್ಕೆ ಕೊರಟಗೆರೆಗೆ ಹೊರಟಾಗ ಬಸ್ಸಿನಲ್ಲಿ ನಮ್ಮಿಬ್ಬರ ನಡುವೆ ಸಂತೆಯಲ್ಲಿ ನಡೆಯುವಂಥದೇ ಒಂದು ಚೌಕಾಸಿ ನಡೆಯಿತು.

"ವರ್ಸಕ್ಕೆ ಒಂದು ಪುಸ್ತಕ. ಆಸಾಡದಲ್ಲಿ ಅಚ್ಚು. ಮಿಕ್ಕಿದ ದಿನ ಅದರ ಸುದ್ದಿ ಎತ್ತಬ್ಯಾಡ."

"ಸಂಜೆ ಹೊತ್ತು ಸ್ವಲ್ಪ ಬರೀಬೇಕಾಗುತ್ತೆ ಅತ್ತೆ."

"ದೀಪ ಹಚ್ಚೋಗಂಟ ಬರ್ಕ. ಅಷ್ಟೊತ್ತೂ ನಿನ್ನ ಯಾರೂ ಕರೆಯಕಿಲ್ಲ. ದೀಪ ಹಚ್ಚಿದ್ ಮ್ಯಾಲೆ ಒಲೆ ನಿಂದು."

"ಬೆಳಗ್ಗೆ ನೀರು?"

ಅವರು ಕಿಟಕಿಯಾಚೆ ಕಡಲೇಕಾಯಿ ಬಿತ್ತಿದ ಹೊಲಗಳನ್ನು ನೋಡುತ್ತ ಕೂತರು. ಬಹಳ ದೂರ ಬಂದ ಮೇಲೆ, "ಒಂದ್ ದಿನ ನೀನು, ಒಂದ್ ದಿನ ಅವನು" ಎಂದರು. ಅವನೆಂದರೆ ಅವರ ಮಗ, ಹೈಸ್ಕೂಲು ಮೇಷ್ಟರು. ಅವರಿಗೆ ಈ ಒಪ್ಪಂದ ಗೊತ್ತಾದದ್ದು ಮರುದಿನ ಬೆಳಿಗ್ಗೆ, ಕೈಗೆ ಬಿಂದಿಗೆ ಬಂದಾಗ. ಅವರು ಕನ್ನಡಕ ತೆಗೆದಿಟ್ಟು ಹೋಗಿ ತಂದರು. ಮುಂದೆ ಹತ್ತು ವರ್ಷ, ಒಂದೆರಡು ಆಷಾಢ ಬಿಟ್ಟರೆ, ಆ ಒಪ್ಪಂದ ನಡೆಯಿತು. ಅದಕ್ಕಿಂತ ಹೆಚ್ಚು ಬರೆಯಬೇಕೆಂದು ನನಗೆ ಅನ್ನಿಸಲೂ ಇಲ್ಲ.

ಮೊದಲ ಪುಸ್ತಕಗಳು ಕೆಲವು ಬಸ್ಸಿನ ಕಂಡಕ್ಟರುಗಳ ಕೈಯಲ್ಲಿ ಪಾವಗಡಕ್ಕೆ, ಶಿರಾಕ್ಕೆ ಹೋದವು. ಜುಬೇದಾ ಆಪಾ ಒಂದು ಭಾನುವಾರ ತಾವೇ ಬಂದು ಒಂದು ಪ್ರತಿ ತೆಗೆದುಕೊಂಡರು. ದನಿಗಿಂತ ಬಹಳ ಕುಳ್ಳಗಿದ್ದರು. ಉಳಿದ ಪುಸ್ತಕಗಳು ಮನೆಯ ಅಟ್ಟದ ಮೇಲಿದ್ದವು. ಅವನ್ನು ಹೇಗೆ ಮಾರುವುದೆಂದು ನನಗೆ ತಿಳಿದಿರಲಿಲ್ಲ. ಒಂದು ಸಂತೆಯ ದಿನ ನೋಡಿದರೆ ಒಂದು ಕಟ್ಟು ಕಾಣೆಯಾಗಿತ್ತು.

ರಜೆಯಿತ್ತು, ಸಂತೆಗೆ ಹೋದೆ. ಮದುವೆಗಳ ಕಾಲ, ಊಟದೆಲೆಗೆ ಗಿರಾಕಿಗಳು ಬಹಳ. ಅತ್ತೆ ಎಲೆಯ ಕಟ್ಟುಗಳ ಪಕ್ಕದಲ್ಲಿ ನನ್ನ ಪುಸ್ತಕಗಳನ್ನು ಜೋಡಿಸಿಟ್ಟುಕೊಂಡು ಕೂತಿದ್ದರು. ಸುತ್ತ ಏಳೆಂಟು ಹೆಂಗಸರು. ಅತ್ತೆ ಕಥೆ ಹೇಳುತ್ತಿದ್ದರು. ಭದ್ರಮ್ಮ ಎಂಬುವಳು ಒಬ್ಬಳಿದ್ದಳು, ಅವಳಿಗೆ ಗಂಡ ಸತ್ತ, ಅವಳ ಸೊಂಟದಲ್ಲಿ ಒಂದು ಬೀಗದಕೈ ಇತ್ತು, ಒಂದು ದಿನ ಮೈದುನರು ಅದನ್ನು ಕಿತ್ತುಕೊಳ್ಳಲು ಬಂದಾಗ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಕತ್ತಲಲ್ಲಿ ಚನ್ನರಾಯನದುರ್ಗದ ಬೆಟ್ಟ ಹತ್ತಿದಳು. ವನಜಳ ಹೆಸರೇ ಇಲ್ಲ. ಮೇಲೆ ಹತ್ತಿದವಳು ಕೋಟೆಯ ಬಾಗಿಲು ಮುಟ್ಟಿದಾಗ ಅತ್ತೆ ಮಾತು ನಿಲ್ಲಿಸಿದರು.

"ಆಮ್ಯಾಕೆ?" ಎಂದಳು ಒಬ್ಬಳು.

"ಆಮ್ಯಾಕಿಂದು ಪುಸ್ತಕದಾಗೈತೆ. ಮನೇಲಿ ಓದೋ ಮಕ್ಳಿಲ್ವಾ? ಓದ್ಸು."

ಇಬ್ಬರು ತೆಗೆದುಕೊಂಡರು. ಅಷ್ಟರಲ್ಲಿ ಹಿಂದಿನ ವಾರ ಕೊಂಡಿದ್ದ ಹೆಂಗಸೊಬ್ಬಳು ಪುಸ್ತಕ ಹಿಡಿದು ಬಂದಳು. ಮಗಳ ಕೈಲಿ ಮೊದಲಿಂದ ಕೊನೆಯವರೆಗೆ ಓದಿಸಿದ್ದಳಂತೆ.

"ಕೆಂಪಕ್ಕ, ನೀನೇಳಿದ್ ಬೆಟ್ಟ ಹತ್ತೋದು ಇದ್ರಾಗೆ ಎಲ್ಲೂ ಇಲ್ವಲ್ಲ."

ಅತ್ತೆ ಒಂದು ಎಲೆಯ ಕಟ್ಟನ್ನು ಬಿಗಿಮಾಡಿ ಪಕ್ಕಕ್ಕಿಟ್ಟರು. ತಲೆ ಎತ್ತಿದಾಗ ನಾನು ಕಂಡೆ. ಮುಖದಲ್ಲಿ ನಗುವೂ ಇರಲಿಲ್ಲ, ಗಾಬರಿಯೂ ಇರಲಿಲ್ಲ.

"ಅದು ಇನ್ನೂ ಬರ್ದಿಲ್ಲ ಕಣಮ್ಮ" ಎಂದು ಅವಳಿಗೆ ಹೇಳಿ, ನನಗೆ ಸರಿದು ಜಾಗ ಮಾಡಿದರು.

ಆ ಬೆಟ್ಟದ ವಿಷಯವನ್ನು ಅವರು ಪ್ರೆಸ್ಸಿನ ಜಗುಲಿಯಲ್ಲಿ ನನಗೆ ಹೇಳಿರಲೇ ಇಲ್ಲ. ನಾನು ಎಲೆಕಟ್ಟುಗಳ ಹಿಂದೆ, ಅವರ ಪಕ್ಕದಲ್ಲಿ ಮಣ್ಣಿನ ಮೇಲೆ ಕೂತುಕೊಂಡೆ.

"ಮೊದಲಿಂದ ಹೇಳಿ ಅತ್ತೆ" ಎಂದೆ.